33 ಗುಂಟೆ ತೋಟ ಕಳೆದ ಮೇಲೆ ಕೇಳುತ್ತಿದ್ದೇನೆ: ಯಾವ ಎಐ ಕೋಡಿಂಗ್ ಅಸಿಸ್ಟೆಂಟ್ ತಗೊಳ್ಳಲಿ?

ಕಣದ_ಕೋಡು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೊರಗೆ ಮಳೆ, ಕರೆಂಟಿಲ್ಲ, ಯುಪಿಎಸ್ ಇನ್ನೂ ನಲವತ್ತು ನಿಮಿಷ ಎಳೆಯುತ್ತದೆ. ಅಷ್ಟರಲ್ಲಿ ಮುಗಿಸಬೇಕು.

ನಾವು ಮೂರೇ ಜನ. ಎಂ.ಜಿ. ರೋಡಿನ ಹತ್ತಿರ ಒಂದು ಕಾಫಿ ಪುಡಿ ಅಂಗಡಿಯ ಮಹಡಿ ಮೇಲೆ ಆಫೀಸು. ಸಂಜೆ ನಾಲ್ಕಕ್ಕೆ ಕೆಳಗೆ ಬೀಜ ಹುರಿಯಲು ಶುರು ಮಾಡಿದರೆ ಮೇಲೆ ಯಾರ ಕೈಯೂ ಕೀಬೋರ್ಡ್ ಮೇಲಿರುವುದಿಲ್ಲ. ತೋಟಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ), ಕೊಯ್ದ ಹಣ್ಣಿನ ಕೆಜಿ, ಮುಂಗಡದ ಕಡಿತ, ಗೊಬ್ಬರ, ಮಳೆ, ಕ್ಯೂರಿಂಗ್ ವರ್ಕ್ಸಿಗೆ (ಸಿಪ್ಪೆ ತೆಗೆದು ಬೀಜ ಮಾಡುವ ಕಾರ್ಖಾನೆ) ಹೋದ ಚೀಲ, ಅಲ್ಲಿಂದ ಬಂದ ಔಟ್‌ಟರ್ನ್ (ಎಷ್ಟು ಬೀಜ ಬಂತು ಅನ್ನುವ ಲೆಕ್ಕ), ಇಷ್ಟು. ನಾನು ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದೆ. 2020ರಲ್ಲಿ ಲಾಕ್‌ಡೌನ್‌ಗೆ ಅಂತ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಸರ್ವರ್ ಕಡೆ ಪಿಎಚ್‌ಪಿ, ಲಾರಾವೆಲ್. ಮೊಬೈಲ್ ಆ್ಯಪ್ ಕೋಟ್ಲಿನ್‌ನಲ್ಲಿದೆ, ಅದನ್ನು ಒಬ್ಬ ಹುಡುಗ ನೋಡಿಕೊಳ್ಳುತ್ತಾನೆ. ಮೂರನೆಯವಳು ಈ ವರ್ಷ ತಾನೇ ಇಂಜಿನಿಯರಿಂಗ್ ಮುಗಿಸಿ ಬಂದವಳು.

ಈಗ ವಿಷಯ. ಹೋದ ತಿಂಗಳು ಒಂದು ಎಐ ಅಸಿಸ್ಟೆಂಟನ್ನು ಪುಕ್ಕಟೆ ಪ್ಲಾನ್‌ನಲ್ಲಿ ಬಳಸಿ ನೋಡಿದೆ. ಯಾವುದು ಅಂತ ಹೇಳುವುದಿಲ್ಲ, ತಪ್ಪು ಅದರದ್ದೊಂದೇ ಅಲ್ಲ. ಕೆಲಸ ಚಿಕ್ಕದು. ಒಂದು ತೋಟದ ಎಲ್ಲಾ ಸರ್ವೆ ನಂಬರುಗಳ ವಿಸ್ತೀರ್ಣ ಕೂಡಿಸಿ, ಎಕರೆಗೆ ಇಷ್ಟು ಅಂತ ಗೊಬ್ಬರದ ಪಟ್ಟಿ ತೆಗೆಯುವ ಪುಟ. ಎರಡು ನಿಮಿಷದಲ್ಲಿ ಬರೆದು ಕೊಟ್ಟಿತು. ಜೊತೆಗೆ ಆ ಕೋಡನ್ನು ಪರೀಕ್ಷಿಸುವ ಹದಿನಾಲ್ಕು ಟೆಸ್ಟ್. ಹದಿನಾಲ್ಕೂ ಹಸಿರು, ಅಂದರೆ ಪಾಸ್. ನನಗೆ ಖುಷಿಯಾಗಿ ಅವತ್ತೇ ಸರ್ವರಿಗೆ ಹಾಕಿ ಮನೆಗೆ ಹೋದೆ.

ಮಾರನೇ ದಿನ ಆಲ್ದೂರು ಕಡೆಯ ಹಿರಿಯ ಪ್ಲಾಂಟರ್ ಒಬ್ಬರು ಫೋನ್ ಮಾಡಿದರು. "ಏನಪ್ಪಾ, ನಮ್ಮ ದಾಯಾದಿಗಳು ಮೂವತ್ತು ವರ್ಷದಲ್ಲಿ ಮಾಡಕ್ಕಾಗದ ಒತ್ತುವರಿನ ನಿನ್ನ ಕಂಪ್ಯೂಟರ್ ಒಂದೇ ರಾತ್ರೀಲಿ ಮಾಡಿಬಿಡ್ತಲ್ಲ!"

ಆಗಿದ್ದೇನು ಅಂದರೆ, ಅವರ ಎರಡು ಸರ್ವೆ ನಂಬರು. ಒಂದು 2.35, ಇನ್ನೊಂದು 1.20. ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ, ಎರಡು ಎಕರೆ ಮೂವತ್ತೈದು ಗುಂಟೆ, ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಕೂಡಿಸಿದರೆ ನಾಲ್ಕು ಎಕರೆ ಹದಿನೈದು ಗುಂಟೆ. ಅಸಿಸ್ಟೆಂಟ್ ಚುಕ್ಕಿಯನ್ನು ನೋಡಿ ದಶಮಾಂಶ ಅಂದುಕೊಂಡಿತು. ಫ್ಲೋಟ್ ಇಟ್ಟು ಕೂಡಿಸಿತು. 3.55 ಎಕರೆ. ಸರಿಯಾದ ಲೆಕ್ಕ 4.375. ಪೂರಾ 33 ಗುಂಟೆ ತೋಟ ಮಾಯ. ಟೆಸ್ಟ್ ಬರೆದಿದ್ದೂ ಅದೇ ತಾನೆ? ಅಲ್ಲೂ 2.35 ಮತ್ತು 1.20 ಸೇರಿದರೆ 3.55 ಅಂತಲೇ ಬರೆದಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು.

ನಾಚಿಕೆಯಾಯಿತು. ಆದರೂ ಬಿಡುವುದಕ್ಕೆ ಮನಸ್ಸಿಲ್ಲ. ಅರ್ಧ ದಿನ ಹಿಡಿಯುತ್ತಿದ್ದ ರಿಪೋರ್ಟ್ ಪುಟಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತಿವೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಆಮೇಲೆ ಕೋಡ್ ಮುಟ್ಟುವಂತಿಲ್ಲ. ಆ ಮೇಲೆ ಏನೇ ತಪ್ಪಾದರೂ ಆಳುಗಳ ಬಟವಾಡೆಗೆ ಹೊಡೆತ. ಅಷ್ಟರೊಳಗೆ ತೀರ್ಮಾನ ಮಾಡಬೇಕು.

ಕೇಳಬೇಕಾಗಿದ್ದು ಇಷ್ಟು. ಕೋಪೈಲಟ್, ಕರ್ಸರ್, ಕ್ಲಾಡ್ ಕೋಡ್, ಇವುಗಳಲ್ಲಿ ಯಾವುದು? ತಿಂಗಳಿಗೆ ಮೂರು ಜನಕ್ಕೂ ಸೇರಿ ಐದು ಸಾವಿರ ದಾಟಬಾರದು. ಮಳೆಗಾಲದಲ್ಲಿ ಮರ ಬಿದ್ದರೆ ನಮಗೆ ನೆಟ್ ಎರಡು ದಿನ ಇರುವುದಿಲ್ಲ, ಆಗೇನು ಮಾಡುವುದು? ಮತ್ತೆ ಹೊಸ ಹುಡುಗಿಗೆ ಇದನ್ನು ಈಗಲೇ ಕೊಡಬೇಕಾ, ಬೇಡವಾ? ಕೊನೆಯ ಪ್ರಶ್ನೆಗೇ ನನಗೆ ಜಾಸ್ತಿ ಯೋಚನೆ.

---

ಬಿಎಂ_ರೋಡ್ (ಹಾಸನದವನು, ಸದ್ಯ ಬೆಂಗಳೂರು)

ಅಣ್ಣ, ನಿಮ್ಮ ಒತ್ತುವರಿ ಕಥೆಯನ್ನು ನಮ್ಮ ಟೀಮ್ ಗ್ರೂಪಿಗೆ ಕಳಿಸಿದೆ. ಇಬ್ಬರು ಹಾಸನದವರು ಬಿದ್ದು ಬಿದ್ದು ನಕ್ಕರು. ಮಿಕ್ಕವರು "ಗುಂಟೆ ಅಂದ್ರೇನು" ಅಂತ ಕೇಳಿದರು. ಎಐ ಒಂದನ್ನೇ ಬೈಯಬೇಡಿ.

ಯಾವುದು ಒಳ್ಳೇದು ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ನಾನು ಮೂರನ್ನೂ ಬಳಸಿದ್ದೇನೆ. ಕೋಪೈಲಟ್ 2021ರಲ್ಲಿ ಬಂದಾಗ ನೀವು ಟೈಪ್ ಮಾಡುತ್ತಿದ್ದ ಸಾಲನ್ನು ಮುಂದುವರಿಸಿ ತೋರಿಸುತ್ತಿತ್ತು, ಅಷ್ಟೇ. ಕರ್ಸರ್ ಅನ್ನುವುದು ವಿಎಸ್ ಕೋಡ್ ಅನ್ನುವ ಎಡಿಟರನ್ನೇ ಕವಲೊಡೆದು ಮಾಡಿಕೊಂಡ ಪೂರ್ತಿ ಎಡಿಟರ್. ಕ್ಲಾಡ್ ಕೋಡ್ 2025ರಲ್ಲಿ ಬಂತು, ಟರ್ಮಿನಲ್‌ನಲ್ಲಿ ಕೂತು ಫೈಲ್ ಓದುತ್ತದೆ, ತಿದ್ದುತ್ತದೆ, ಟೆಸ್ಟ್ ಓಡಿಸುತ್ತದೆ. ಈಗ ಒಬ್ಬರ ಅಡುಗೆ ಇನ್ನೊಬ್ಬರೂ ಮಾಡುತ್ತಿದ್ದಾರೆ. ಕೋಪೈಲಟ್‌ನಲ್ಲೂ ಹೀಗೆ ತಾನೇ ಫೈಲ್ ಓದಿ ತಿದ್ದುವ ಏಜೆಂಟ್ ಇದೆ. ಒಳಗೆ ಓಡುವ ಎಐ ಮಾಡೆಲ್ ಒಂದೇ ಎರಡು ಮೂರು ಕಡೆ ಸಿಗುತ್ತದೆ. ಹಾಗಾಗಿ ಯಾವುದು ಹೆಚ್ಚು ಬುದ್ಧಿವಂತ ಅಂತ ನೋಡಬೇಡಿ. ಅದು ಮಾಡಿದ ಬದಲಾವಣೆಯನ್ನು ನಿಮಗೆ ಹೇಗೆ ತೋರಿಸುತ್ತದೆ, ಬೇಡ ಅನ್ನುವುದು ಎಷ್ಟು ಸುಲಭ, ಅದನ್ನು ನೋಡಿ. ಒಂದೇ ಏಟಿಗೆ ಹನ್ನೆರಡು ಫೈಲ್ ತಿದ್ದಿ "ಮುಗಿಯಿತು" ಅನ್ನುವ ಸಾಮಾನಿಗಿಂತ, ಪ್ರತಿ ಡಿಫ್ (ಯಾವ ಸಾಲು ಬದಲಾಯಿತು ಅನ್ನುವುದು) ತೋರಿಸಿ ಕೇಳುವುದು ಮೂರು ಜನದ ಆಫೀಸಿಗೆ ಒಳ್ಳೇದು.

ನಾವು ಪರೀಕ್ಷೆ ಮಾಡಿದ್ದು ಹೀಗೆ. ನೀವು ಈಗಾಗಲೇ ಸರಿ ಮಾಡಿರುವ ಐದು ಹಳೇ ಬಗ್ ಆರಿಸಿಕೊಳ್ಳಿ. ಗಿಟ್‌ನಲ್ಲಿ (ಕೋಡಿನ ಹಳೇ ಪ್ರತಿಗಳನ್ನೆಲ್ಲಾ ಇಡುವ ದಾಖಲೆ) ಆ ಸರಿ ಮಾಡಿದ ಕಮಿಟ್‌ಗಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಗಿರಾಕಿ ಅವತ್ತು ಫೋನಿನಲ್ಲಿ ಬೈದಿದ್ದನ್ನೇ ಪದಕ್ಕೆ ಪದ ಟೈಪ್ ಮಾಡಿ ಕೊಡಿ. ಎಲ್ಲಾ ಟೂಲ್‌ಗೂ ಅದೇ ಮಾತು. ಉತ್ತರ ನಿಮಗೆ ಗೊತ್ತಿರುವುದರಿಂದ ಯಾಮಾರುವುದಿಲ್ಲ. ಎಷ್ಟು ಬೇಗ ಬರೆಯಿತು ಅಂತ ಬರೆದಿಟ್ಟುಕೊಳ್ಳಬೇಡಿ. ಅದು ಬರೆದಿದ್ದು ನಿಮಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ.

ಆಂಡ್ರಾಯ್ಡ್ ಹುಡುಗನ ವಿಷಯ ಬೇರೆ. ಅವನು ಆಂಡ್ರಾಯ್ಡ್ ಸ್ಟುಡಿಯೋ ಬಿಟ್ಟು ಬರುವವನಲ್ಲ ಅಂದರೆ ಕರ್ಸರ್ ಕೊಟ್ಟು ಏನು ಪ್ರಯೋಜನ? ಅಲ್ಲಿ ಜೆಮಿನಿ ಒಳಗೇ ಇದೆ, ಕೋಪೈಲಟ್‌ಗೂ ಪ್ಲಗಿನ್ ಇದೆ. ದುಡ್ಡು ಕೊಡುವ ಮುಂಚೆ ಅವೆರಡನ್ನು ನೋಡಲಿ.

ರೇಟು: ಒಬ್ಬರಿಗೆ ಕೋಪೈಲಟ್ ಪ್ರೋ ತಿಂಗಳಿಗೆ 10 ಡಾಲರ್ ಅಂತ ಶುರುವಾಗಿದ್ದು. ಕರ್ಸರ್ ಪ್ರೋ, ಕ್ಲಾಡ್ ಪ್ರೋ (ಕ್ಲಾಡ್ ಕೋಡ್ ಇದರಲ್ಲೇ ಬರುತ್ತದೆ) 20 ಡಾಲರ್. ಮೇಲೆ 18% ಜಿಎಸ್‌ಟಿ ನೆನಪಿರಲಿ. ಇವರೆಲ್ಲಾ ಪ್ಲಾನ್ ಬದಲಾಯಿಸುತ್ತಲೇ ಇರುತ್ತಾರೆ. ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲೇ ಇರಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ಹೊರದೇಶದ ಕಂಪನಿಗೆ ಡೆಬಿಟ್ ಕಾರ್ಡಿನಿಂದ ತಾನಾಗಿ ಹಣ ಹೋಗುವುದು ಎಷ್ಟೋ ಸಲ ನಿಂತುಬಿಡುತ್ತದೆ. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಕೊಡಿ. ಇಲ್ಲದಿದ್ದರೆ ಕೊಯ್ಲಿನ ನಡುವೆ ಒಂದು ದಿನ ಬೆಳಿಗ್ಗೆ ಟೂಲ್ ಬಂದ್ ಆಗಿರುತ್ತದೆ.

---

ರೊಬಸ್ಟಾ_ರೈಟರ್ (ಮೂಡಿಗೆರೆ ಕಡೆ)

ನಾನು ಕೋಡ್ ಬರೆಯುವವನಲ್ಲ ಸಾರ್. ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮಗ ತೋರಿಸಿದ ಅಂತ ಓದಿದೆ. ಒಂದು ಮಾತು. ನಾನು 2.3 ಅಂತ ಬರೆದರೆ ಎರಡು ಎಕರೆ ಮೂರು ಗುಂಟೆ. 2.30 ಅಂತ ಬರೆದರೆ ಎರಡು ಎಕರೆ ಮೂವತ್ತು ಗುಂಟೆ. ನಿಮ್ಮ ಕಂಪ್ಯೂಟರಿಗೆ ಎರಡೂ ಒಂದೇ ಅಂತ ಮಗ ಹೇಳುತ್ತಾನೆ. ನಿಜವಾ?

---

ಕಣದ_ಕೋಡು

ನಿಜ ಸಾರ್. ಈಗ ನಮ್ಮ ಡೇಟಾಬೇಸ್ ತೆರೆದು ನೋಡುತ್ತಿದ್ದೇನೆ. ಕೈ ನಡುಗುತ್ತಿದೆ.

---

ಹೇಮಾವತಿ_ದಂಡೆ (ಹಾಸನ)

ಕಣದವರೇ, ಗಾಬರಿಯಾಗಬೇಡಿ. ಗುಂಟೆಯನ್ನು ಪೂರ್ಣಾಂಕವಾಗಿ ಇಡಿ. 2.35 ಬಂದರೆ 115 ಗುಂಟೆ, 1.20 ಬಂದರೆ 60. ಕೂಡಿಸಿದರೆ 175. ತೋರಿಸುವಾಗ ಮಾತ್ರ ನಲವತ್ತರಿಂದ ಭಾಗಿಸಿ, ನಾಲ್ಕು ಎಕರೆ ಹದಿನೈದು ಗುಂಟೆ. ಫಾರಂನಲ್ಲಿ ಎಕರೆಗೊಂದು ಡಬ್ಬಿ, ಗುಂಟೆಗೊಂದು ಡಬ್ಬಿ ಕೊಡಿ. ರೈಟರ್ ಸಾರ್ ಹೇಳಿದ 2.3ರ ಗೊಂದಲವೂ ಅಲ್ಲಿಗೆ ಮುಗಿಯಿತು. ಹಳೇ ದಾಖಲೆಗಳನ್ನು ಮಾತ್ರ ಪಹಣಿ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ನೋಡಬೇಕು. ಅದಕ್ಕೆ ಯಾವ ಎಐಯೂ ಬರುವುದಿಲ್ಲ.

ನನ್ನದೂ ಒಂದು ಹೇಳುತ್ತೇನೆ. ಹಾಲಿನ ಸೊಸೈಟಿ ಒಂದಕ್ಕೆ ಸ್ಲಿಪ್ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೆ. ಸಣ್ಣ ಥರ್ಮಲ್ ಪ್ರಿಂಟರ್, ಜಾಗ ಕಮ್ಮಿ. ಹೆಸರನ್ನು ಎಂಟು ಅಕ್ಷರಕ್ಕೆ ಕತ್ತರಿಸು ಅಂತ ಅಸಿಸ್ಟೆಂಟ್‌ಗೆ ಹೇಳಿದೆ. ಇಂಗ್ಲಿಷ್ ಹೆಸರು ಹಾಕಿ ನೋಡಿದೆ, ಸರಿ ಬಂತು. ಸೊಸೈಟಿಯಲ್ಲಿ ಲಕ್ಷ್ಮಮ್ಮ ಅನ್ನುವವರ ಸ್ಲಿಪ್ "ಲಕ್ಷ್ಮಮ್" ಅಂತ ಬಂತು. ನಮ್ಮ ಕಣ್ಣಿಗೆ ಆ ಹೆಸರಲ್ಲಿ ಮೂರೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಹಲಂತ ಎಲ್ಲಾ ಸೇರಿ ಒಂಬತ್ತು. ಎಂಟಕ್ಕೆ ಕತ್ತರಿಸಿದರೆ ಬಾಲ ಹೋಗುತ್ತದೆ. ಆ ಅಜ್ಜಿ ಸ್ಲಿಪ್ ಹಿಡಿದುಕೊಂಡು ಬಂದು "ಹಾಲೂ ಹಿಂಗೇ ಕಡಿಮೆ ಹಾಕೊಂಡ್ರಾ?" ಅಂತ ಕೇಳಿದರಂತೆ.

ಹಾಗಾಗಿ ಟೆಸ್ಟಿನ ಉತ್ತರಗಳನ್ನು ನೀವೇ ಬರೆಯಿರಿ. ಕಾಗದದ ಮೇಲೆ, ಕೈಯಲ್ಲಿ ಲೆಕ್ಕ ಹಾಕಿ. ಕೋಡ್ ಬೇಕಾದರೆ ಅದು ಬರೆಯಲಿ. ಎರಡನ್ನೂ ಒಬ್ಬರಿಗೇ ಬಿಟ್ಟರೆ ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆ ಬರೆದು ಅವನೇ ನಂಬರ್ ಹಾಕಿಕೊಂಡಂತೆ.

ಹೊಸ ಹುಡುಗಿ ಬಗ್ಗೆ. ನನಗೆ ಈ ಕೆಲಸದಲ್ಲಿ ಹದಿನೈದು ವರ್ಷ. ಆದರೂ ಇದು ನನ್ನ ಸಮಯ ಉಳಿಸುತ್ತದೋ ಇಲ್ಲವೋ ಅಂತ ನನಗೇ ನಂಬಿಕೆಯಿಂದ ಹೇಳಲಾಗುವುದಿಲ್ಲ. 2025ರ ಜುಲೈನಲ್ಲಿ ಮೀಟರ್ (METR) ಅನ್ನುವ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಹಾಕಿತ್ತು. ಪಳಗಿದ 16 ಡೆವಲಪರ್‌ಗಳು, ಅವರೇ ವರ್ಷಗಟ್ಟಲೆ ಕೆಲಸ ಮಾಡಿದ ಓಪನ್ ಸೋರ್ಸ್ ಪ್ರಾಜೆಕ್ಟುಗಳು, 246 ಕೆಲಸ. ಎಐ ಬಳಸಿದಾಗ 19% ಜಾಸ್ತಿ ಹೊತ್ತು ಹಿಡಿಯಿತು. ತಮಾಷೆ ಅಂದರೆ ಕೆಲಸ ಮುಗಿದ ಮೇಲೂ ಅವರು "20% ಬೇಗ ಮುಗಿಸಿದೆವು" ಅಂತಲೇ ಅಂದುಕೊಂಡಿದ್ದರು. ಅದು ಆವಾಗಿನ ಟೂಲ್‌ಗಳ ಮಾತು, ನಿಮಗೆ ಹಾಗೇ ಆಗಬೇಕು ಅಂತೇನಿಲ್ಲ. ಆದರೆ ಪಳಗಿದವರಿಗೇ ತಮ್ಮ ಗಡಿಯಾರ ಸರಿಯಾಗಿ ಕಾಣದಿದ್ದರೆ, ನಿನ್ನೆ ಬಂದವಳಿಗೆ ಹೇಗೆ ಕಾಣಬೇಕು?

ಪೂರ್ತಿ ಬೇಡ ಅನ್ನಬೇಡಿ, ಅವಳು ಮನೆಯಲ್ಲಿ ಹೇಗೂ ಬಳಸುತ್ತಾಳೆ. ಮೊದಲ ಎರಡು ತಿಂಗಳು ಕೇಳುವುದಕ್ಕೆ ಮಾತ್ರ ಕೊಡಿ. "ಈ ಕ್ವೆರಿ ಏನು ಮಾಡುತ್ತದೆ, ಈ ಎರರ್ ಯಾಕೆ ಬಂತು" ಇಂಥದ್ದು. ಕೋಡ್ ತಾನೇ ಬರೆಯಲಿ. ನಿಮ್ಮ ಅಸಿಸ್ಟೆಂಟ್ ಬರೆದಿದ್ದನ್ನು ಓದಿ ತಪ್ಪು ಹುಡುಕುವ ಕೆಲಸ ಅವಳಿಗೇ ಕೊಡಿ.

ಇನ್ನೊಂದು, ಯಾರೂ ಕೇಳಲಿಲ್ಲ. ಚೆಕ್‌ರೋಲ್ ಅಂದರೆ ಆಳುಗಳ ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲಾ ಇರುತ್ತದೆ ಅಲ್ವಾ? ಪ್ರಾಜೆಕ್ಟ್ ಫೋಲ್ಡರಿನಲ್ಲೇ ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ತೆಗೆಯಿರಿ. ಏಜೆಂಟ್ ಫೋಲ್ಡರಿನಲ್ಲಿ ಕಂಡಿದ್ದನ್ನು ಓದುತ್ತದೆ. ನಮ್ಮ ಕೋಡನ್ನು ತರಬೇತಿಗೆ ಬಳಸಬೇಡಿ ಅನ್ನುವ ಸೆಟ್ಟಿಂಗ್ ಎಲ್ಲಿದೆ ಅಂತ ಮೊದಲ ದಿನವೇ ಹುಡುಕಿ.

---

ಕೊಪ್ಪದ_ಕತ್ತಲು

ಮಾರಾಯ್ರೆ, ನೆಟ್ ಇಲ್ಲದ ಊರಿನ ಪ್ರಶ್ನೆಗೆ ನಾನೇ ಉತ್ತರ ಹೇಳಬೇಕು. ಹೋದ ಮಳೆಗಾಲದಲ್ಲಿ ನಮಗೆ ಐದು ದಿನ ಲೈನ್ ಇರಲಿಲ್ಲ.

ಲ್ಯಾಪ್‌ಟಾಪಿನಲ್ಲೇ ಓಡುವ ಮಾಡೆಲ್ ಇಟ್ಟುಕೊಂಡಿದ್ದೇನೆ. ಒಲ್ಲಾಮಾ (ಮಾಡೆಲ್ ಓಡಿಸುವ ಪ್ರೋಗ್ರಾಂ) ಹಾಕಿ, ಕ್ವೆನ್ 2.5 ಕೋಡರ್ 7ಬಿ ಅನ್ನುವ ಮಾಡೆಲ್ ಇಳಿಸಿ, 7ಬಿ ಅನ್ನುವುದು ಅದರ ಗಾತ್ರ. ಸುಮಾರು 4.7 ಜಿಬಿ. ನೆಟ್ ಇರುವಾಗಲೇ ಇಳಿಸಿಕೊಳ್ಳಿ ಅಂತ ಬೇರೆ ಹೇಳಬೇಕಾ? ವಿಎಸ್ ಕೋಡಿಗೆ ಕಂಟಿನ್ಯೂ ಅನ್ನುವ ಎಕ್ಸ್‌ಟೆನ್ಷನ್ ಹಾಕಿದರೆ ಎರಡೂ ಮಾತಾಡಿಕೊಳ್ಳುತ್ತವೆ. ಕಾಸು ಬೇಡ, ಆಳುಗಳ ಡೇಟಾ ಮನೆ ಬಿಟ್ಟು ಹೋಗುವುದಿಲ್ಲ.

ಹಾಗಂತ ಜಾಸ್ತಿ ಆಸೆ ಬೇಡ. 8 ಜಿಬಿ ರ್‍ಯಾಮ್ ಇದ್ದರೆ ಒದ್ದಾಡುತ್ತದೆ, 16 ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಉತ್ತರ ಸೋನೆ ಮಳೆ ಥರ, ಒಂದೊಂದೇ ಹನಿ. ಒಂದು ಫಂಕ್ಷನ್ ಬರೆ, ಈ ರೆಗೆಕ್ಸ್ ಬಿಡಿಸಿ ಹೇಳು, ಇಷ್ಟಕ್ಕೆ ಅಡ್ಡಿಯಿಲ್ಲ. ಇಡೀ ಪ್ರಾಜೆಕ್ಟ್ ಓದಿ ತಿದ್ದು ಅಂದರೆ ಆಗುವ ಹೋಗುವ ಮಾತಲ್ಲ. ಒಲ್ಲಾಮಾ ತಾನಾಗಿ ಇಟ್ಟುಕೊಳ್ಳುವ ಕಾಂಟೆಕ್ಸ್ಟ್ (ಒಂದೇ ಸಲಕ್ಕೆ ನೆನಪಿಡುವಷ್ಟು) ಚಿಕ್ಕದು. ಉದ್ದದ ಫೈಲ್ ಕೊಟ್ಟರೆ ಮೊದಲರ್ಧ ಮರೆತು ಉತ್ತರ ಹೇಳುತ್ತದೆ. ಸೆಟ್ಟಿಂಗ್‌ನಲ್ಲಿ ಹೆಚ್ಚಿಸಬಹುದು, ಆದರೆ ಅದಕ್ಕೂ ರ್‍ಯಾಮ್ ತಿನ್ನುತ್ತದೆ.

ಮತ್ತೆ ಯುಪಿಎಸ್ ಮೇಲೆ ಓಡಿಸಬೇಡಿ. ಫ್ಯಾನ್ ಗಿರ್ ಅಂತ ತಿರುಗಿ ಹದಿನೈದೇ ನಿಮಿಷದಲ್ಲಿ ಬ್ಯಾಟರಿ ಕುಡಿದುಬಿಡುತ್ತದೆ.

---

ಕಣದ_ಕೋಡು (ಮೂರು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿದ್ದಕ್ಕೆ ಕಾರಣ ರೈಟರ್ ಸಾರ್. ಅವರ 2.3ರ ಪ್ರಶ್ನೆ ಓದಿದ ಮೇಲೆ ನಮ್ಮ ಗಿರಾಕಿಗಳ ವಿಸ್ತೀರ್ಣವನ್ನೆಲ್ಲಾ ಪಹಣಿ ಜೊತೆ ಹೋಲಿಸುತ್ತಾ ಕೂತೆವು. ಹತ್ತೊಂಬತ್ತು ಕಡೆ ತಪ್ಪಿತ್ತು. ಅದರಲ್ಲಿ ಹದಿನಾರು ಎಐ ಬರುವ ಮುಂಚೆ ನಾನೇ ಮಾಡಿದ್ದು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದೆ.

ಬಿಎಂ ರೋಡ್ ಹೇಳಿದ ಹಳೇ ಬಗ್ ಪರೀಕ್ಷೆ ಮಾಡಿದೆವು. ಐದು ಬಗ್, ಮೂರು ಟೂಲ್. ಸುಲಭದ ಮೂರನ್ನು ಎಲ್ಲವೂ ಸರಿ ಮಾಡಿದವು. ಮುಂಗಡದ ಕಡಿತದ ಬಗ್ ಒಂದಿತ್ತು. ವಾರದ ನಡುವೆ ತೋಟ ಬಿಟ್ಟು ಹೋದ ಆಳು ತಿರುಗಿ ಬಂದಾಗ ಹಳೇ ಮುಂಗಡ ಎರಡು ಸಲ ಹಿಡಿಯುತ್ತಿತ್ತು. ಅದನ್ನು ಒಂದು ಟೂಲ್ ಮಾತ್ರ ಸರಿಯಾದ ಜಾಗದಲ್ಲಿ ಹಿಡಿಯಿತು. ಇನ್ನೊಂದು ಟೂಲ್, ಕಡಿತದ ಸಾಲನ್ನೇ ತೆಗೆದುಹಾಕಿ "ಈಗ ಎರಡು ಸಲ ಹಿಡಿಯುವುದಿಲ್ಲ" ಅಂದಿತು. ಸುಳ್ಳೇನೂ ಅಲ್ಲ!

ಆಮೇಲೆ ನಡೆದಿದ್ದು ಕೇಳಿ. ಗುಂಟೆ ತಪ್ಪು ಮತ್ತೆ ಆಗಬಾರದು ಅಂತ ಪ್ರಾಜೆಕ್ಟಿನಲ್ಲಿ ಒಂದು ಸೂಚನೆಗಳ ಫೈಲ್ ಇಟ್ಟೆ. ಈ ಟೂಲ್‌ಗಳು ಕೆಲಸ ಶುರು ಮಾಡುವ ಮುಂಚೆ ಅದನ್ನು ಓದುತ್ತವೆ. ಅದರಲ್ಲಿ ಬರೆದೆ: "ನಮ್ಮ ಅಳತೆಗಳಲ್ಲಿ ಚುಕ್ಕಿ ದಶಮಾಂಶವಲ್ಲ, ಚುಕ್ಕಿಯ ನಂತರದ್ದು ನಲವತ್ತರ ಲೆಕ್ಕ." ಬರೆದು ಬೀಗಿದೆ. ಎರಡು ದಿನ ಬಿಟ್ಟು ಮಳೆ ರಿಪೋರ್ಟ್ ತಿದ್ದಲು ಕೊಟ್ಟೆ. ನಮ್ಮ ಕಡೆ ಮಳೆ ಹೇಳುವುದು ಇಂಚು, ಸೆಂಟ್ ಲೆಕ್ಕದಲ್ಲಿ. 1.40 ಅಂದರೆ ಒಂದು ಇಂಚು ನಲವತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಅಲ್ಲಿ ಚುಕ್ಕಿ ನಿಜವಾಗಿಯೂ ದಶಮಾಂಶವೇ. ಅಸಿಸ್ಟೆಂಟ್ ಪಾಪ, ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿತು. ನಲವತ್ತು ಸೆಂಟನ್ನು ನಲವತ್ತರಿಂದ ಭಾಗಿಸಿ ಒಂದು ಇಂಚು ಮಾಡಿ, 1.40ನ್ನು ಎರಡು ಇಂಚು ಮಾಡಿಟ್ಟಿತು.

ಹಿಡಿದಿದ್ದು ನಾನಲ್ಲ, ಹೊಸ ಹುಡುಗಿ. ಹೇಮಾವತಿ ಮೇಡಂ ಹೇಳಿದಂತೆ ಡಿಫ್ ಓದುವ ಕೆಲಸ ಅವಳಿಗೆ ಕೊಟ್ಟಿದ್ದೆ. ಅವಳ ಅಜ್ಜ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾರಂತೆ. ಸ್ಕ್ರೀನಿನಲ್ಲಿ ಆ 40 ನೋಡಿದವಳೇ "ಸಾರ್, ಮಳೆಗೆ ಯಾಕೆ ಗುಂಟೆ ಹಾಕಿದ್ದೀರಿ?" ಅಂದಳು. ಆ ಟೂಲ್ ಒಂದೇ ಫೈಲ್ ತಿದ್ದಿ, ತಿದ್ದಿದ ಏಳು ಸಾಲನ್ನು ಮುಂದಿಟ್ಟು, ಒಪ್ಪಿಗೆಗೆ ಕಾಯುತ್ತಿತ್ತು. ಅದಕ್ಕೇ ಕಂಡಿತು. ಹನ್ನೆರಡು ಫೈಲಿನ ನಡುವೆ ಇದ್ದಿದ್ದರೆ ಅವಳ ಅಜ್ಜ ಬಂದರೂ ಕಾಣುತ್ತಿರಲಿಲ್ಲ.

ಸೂಚನೆಯ ಫೈಲನ್ನು ಈಗ ಅವಳೇ ಬರೆದಿದ್ದಾಳೆ. ವಿಸ್ತೀರ್ಣ ಬೇರೆ, ಮಳೆ ಬೇರೆ, ಚೀಲ ಬೇರೆ. ಚೀಲ ಅಂದರೆ 50 ಕೆಜಿ ಅಂತ ಹಾಕಿ, ಔಟ್‌ಟರ್ನ್ 27 ಅಂದರೆ ಆ 50 ಕೆಜಿ ಒಣ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣು) 27 ಕೆಜಿ ಬೀಜ, ಶೇಕಡಾ 27 ಅಲ್ಲ ಅಂತ ಬಿಡಿಸಿ ಬರೆದಿದ್ದಾಳೆ. ಪ್ರತಿಯೊಂದರ ಕೆಳಗೆ ಕೈಯಲ್ಲಿ ಲೆಕ್ಕ ಹಾಕಿದ ಎರಡು ಉದಾಹರಣೆ. ನಿಜ ಹೇಳಬೇಕೆಂದರೆ ಇಷ್ಟು ವರ್ಷದಲ್ಲಿ ನಮ್ಮ ಆಫೀಸಿನಲ್ಲಿ ಇಂಥದ್ದೊಂದು ಕಾಗದ ಇರಲೇ ಇಲ್ಲ. ಎಲ್ಲಾ ನನ್ನ ತಲೆಯಲ್ಲೇ ಇತ್ತು.

ತಗೊಂಡಿದ್ದು ಹೀಗೆ. ನನಗೆ ಕ್ಲಾಡ್ ಕೋಡ್, ಪ್ರತಿ ತಿದ್ದುಪಡಿಗೂ ಕೇಳು ಅನ್ನುವ ಸೆಟ್ಟಿಂಗ್‌ನಲ್ಲೇ. ಆಂಡ್ರಾಯ್ಡ್ ಹುಡುಗನಿಗೆ ಕೋಪೈಲಟ್ ಪ್ರೋ. ಅವನು ಒಂದು ವಾರ ಜೆಮಿನಿಯಲ್ಲಿದ್ದು, ತನಗೆ ಕೋಪೈಲಟ್ಟೇ ಕೈಗೆ ಕೂರುತ್ತದೆ ಅಂದ, ನಾನು ವಾದ ಮಾಡಲಿಲ್ಲ. ಹುಡುಗಿಗೆ ಪುಕ್ಕಟೆ ಪ್ಲಾನ್, ಕೇಳುವುದಕ್ಕೆ ಮಾತ್ರ. ತೆರಿಗೆ ಸೇರಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಡೆಬಿಟ್ ಕಾರ್ಡ್ ಮೊದಲನೇ ಸಲವೇ ಕೈಕೊಟ್ಟಿತು, ಬಿಎಂ ರೋಡ್ ಬಾಯಿಗೆ ಸಕ್ಕರೆ ಹಾಕಬೇಕು. ಡೇಟಾಬೇಸ್ ಡಂಪ್ ಫೋಲ್ಡರಿನಲ್ಲೇ ಇತ್ತು ಮೇಡಂ, ತೆಗೆದೆ. ಹೇಗೆ ಗೊತ್ತಾಯಿತು ನಿಮಗೆ?

ಆಲ್ದೂರಿನ ಹಿರಿಯರಿಗೆ ಹೊಸ ರಿಪೋರ್ಟ್ ಕಳಿಸಿದೆ. ನಾಲ್ಕು ಎಕರೆ ಹದಿನೈದು ಗುಂಟೆ. "ಪೋಡಿ ಆಯ್ತು ಅನ್ನು" ಅಂದು ಫೋನ್ ಇಟ್ಟರು.

ಕೊಪ್ಪದವರೇ, ಒಂದು ಉಳಿದಿದೆ. ಆಫೀಸಿನ ಹಳೇ ಲ್ಯಾಪ್‌ಟಾಪಿಗೆ ರ್‍ಯಾಮ್ ಸ್ಲಾಟ್ ಒಂದೇ ಇದೆ, ಈಗ 8 ಜಿಬಿ ಕೂತಿದೆ. ಅದನ್ನು ತೆಗೆದು 16ರದ್ದು ಹಾಕಿಸಲಾ, ಅಥವಾ ಇನ್ನೂ ಚಿಕ್ಕ ಮಾಡೆಲ್ ಸಾಕಾ?

---

ಕೊಪ್ಪದ_ಕತ್ತಲು

3ಬಿ ಹಾಕಿ ನೋಡಿ ಮಾರಾಯ್ರೆ, 2 ಜಿಬಿ ಆಸುಪಾಸು. ಸಾಲು ಮುಂದುವರಿಸುವುದಕ್ಕೆ ಸಾಕು. ರ್‍ಯಾಮ್ ಕೊಯ್ಲು ಮುಗಿದು ಪ್ಲಾಂಟರ್‌ಗಳು ಬಾಕಿ ಕೊಟ್ಟ ಮೇಲೆ ಹಾಕಿಸಿ.